ತಾಯಿ ಫೈಲು ಕಾಣೆಯಾದ ದಿನ

“ಆ ಕೇಬಲ್ ಹಾಕೋದು ಬೇಕಾಗಿಲ್ಲ ಮೇಡಂ. ಏನು ಎರರ್ ಬರ್ತಿದೆ ಅಂತ ನಾನು ನಿನ್ನೆಯಿಂದ ನೋಡ್ತಾನೇ ಇದ್ದೀನಿ,” ಎಂದ ಗುತ್ತಿಗೆ ಎಂಜಿನಿಯರ್.

ನಾನು ಕೇಬಲ್ ಹಾಕಿದೆ. ಬೇಕಾಗಿಲ್ಲ ಎಂದು ಯಾರಾದರೂ ಹೇಳಿದ ಕೆಲಸವನ್ನೇ ಮೊದಲು ಮಾಡುವುದು ನನ್ನ ಮೂವತ್ತು ವರ್ಷದ ಅಭ್ಯಾಸ. ಮನೆಯಲ್ಲಿ ಇದಕ್ಕೆ ಹಟ ಅನ್ನುತ್ತಾರೆ. ಕೆಟ್ಟ ಯಂತ್ರ ರಿಪೇರಿ ಮಾಡಿಸಿಕೊಂಡವರು ಮಾತ್ರ ಅನುಭವ ಅನ್ನುತ್ತಾರೆ.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಮೂರು ಗಂಟೆಗೆ ನನ್ನ ನಾದಿನಿಯ ಕೈಗೆ ಒಂದು ಕಾಗದ ಬರುವುದಿತ್ತು: ಬೇಕೆಂದೇ ಹಾನಿ ಮಾಡಿದ್ದಕ್ಕಾಗಿ ಕೆಲಸದಿಂದ ತೆಗೆಯಲಾಗಿದೆ. ‘ಬೇಕೆಂದೇ’ ಎಂಬ ಆ ಒಂದು ಮಾತು ಕಾಗದದಲ್ಲಿ ಬಿತ್ತೆಂದರೆ, ಈ ಕಸುಬಿನಲ್ಲಿ ಇನ್ನು ಯಾರೂ ಅವಳ ಕೈಗೆ ಒಂದು ಕೀಲಿಯನ್ನೂ ಕೊಡುವುದಿಲ್ಲ.

ನಡೆದದ್ದು ಇಷ್ಟೇ. ಈ ಔಷಧ ಗೋದಾಮಿನ ರೂಟರ್ ನೋಡಿಕೊಳ್ಳುವುದು ಅವಳ ಕೆಲಸ. ಡಿಸ್ಕ್ ತುಂಬಿದೆ ಎಂಬ ಕೆಂಪು ದೀಪ ಕಂಡು ನಿನ್ನೆ ಬೆಳಿಗ್ಗೆ ಹತ್ತೂ ಹತ್ತಕ್ಕೆ ಅದನ್ನು ಒಮ್ಮೆ ಆರಿಸಿ ಹೊತ್ತಿಸಿದಳು. ಅದರೊಳಗಿನ ಮೂರು ಲಿನಕ್ಸ್ ಯಂತ್ರಗಳೂ ಮತ್ತೆ ಏಳಲಿಲ್ಲ.

ಯಂತ್ರ ಎಂದರೆ ಕೈಗೆ ಸಿಗುವಂಥದ್ದಲ್ಲ. ರೂಟರಿನ ಕೆಲಸ ಕಟ್ಟಡದ ಕಂಪ್ಯೂಟರುಗಳಿಗೆಲ್ಲ ದಾರಿ ತೋರಿಸುವುದು. ಆದರೆ ಇದು ದೊಡ್ಡ ಜಾತಿಯದು. ತನ್ನ ಡಿಸ್ಕಿನಲ್ಲಿ ಬರೀ ಫೈಲುಗಳ ರೂಪದಲ್ಲೇ ಪುಟ್ಟ ಪುಟ್ಟ ಕಂಪ್ಯೂಟರುಗಳನ್ನು ಸಾಕಿಕೊಳ್ಳುತ್ತದೆ. ವರ್ಚುವಲ್ ಮಷೀನ್ ಅನ್ನುವುದು ಇದಕ್ಕೇ. ಇಲ್ಲಿನವರು ಅವಕ್ಕೆ ಮನೆಮಂದಿಯಂತೆ ಹೆಸರಿಟ್ಟಿದ್ದರು. ಎರಡು ಶೀತಲ ಕೋಣೆಗಳ ತಾಪಮಾನ ಕಾಯುವವಳು ದೊಡ್ಡಕ್ಕ. ಪೆಟ್ಟಿಗೆಗಳಿಗೆ ಲೇಬಲ್ ಮುದ್ರಿಸುವವಳು ನಡುವಿನವಳು. ಬಾಗಿಲುಗಳ ಬೀಗ ತೆಗೆದು ಹಾಕುವವಳು ಕಿರಿಯವಳು. ಮೂವರೂ ಮಲಗಿದ್ದರಿಂದ ನಿನ್ನೆಯಿಂದ ಒಂದು ಪೆಟ್ಟಿಗೆಯೂ ಹೊರಗೆ ಹೋಗಿರಲಿಲ್ಲ; ಜನ ಕೈ ಥರ್ಮಾಮೀಟರ್ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು.

ನಾದಿನಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುವುದು. ರೂಟರ್ ಮುಟ್ಟಬಾರದು ಎಂದು ಹೇಳಿದ್ದರಿಂದ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲಸಕ್ಕೆ ವಾಪಸು ಬಂದು ಇದು ಮೂರನೆಯ ದಿನ. ಮುಖದಲ್ಲಿ ಇನ್ನೂ ರಕ್ತ ಬಂದಿರಲಿಲ್ಲ.

“ನೀವು ನೋಡಿದ್ದು ವೆಬ್ ಪೇಜಿನಲ್ಲಿ. ಅಲ್ಲಿ ‘ಬೂಟ್ ಆಗಲಿಲ್ಲ’ ಅಂತಷ್ಟೇ ಬರುತ್ತೆ. ಯಾಕೆ ಆಗಲಿಲ್ಲ ಅಂತ ತಿಳಿಯೋಕೆ ಕೇಬಲ್ ಹಾಕಿ ನೇರ ಕನ್ಸೋಲಿಗೇ ಬರಬೇಕು,” ಎಂದೆ ಎಂಜಿನಿಯರಿಗೆ.

ದೊಡ್ಡಕ್ಕನನ್ನು ಎಬ್ಬಿಸಿ ನೋಡಿದೆ. ಕಪ್ಪು ಪರದೆಯ ಮೇಲೆ ಎರಡು ಸಾಲು ಬಂದು ನಿಂತಿತು. ಡಿಸ್ಕ್ ಸಿಕ್ಕಿದೆ, ಆದರೆ ಅದು ಆತುಕೊಂಡಿರುವ ಮೂಲ ಫೈಲು ಸಿಗುತ್ತಿಲ್ಲ.

ನಡುವಿನವಳನ್ನು ಎಬ್ಬಿಸಿದೆ. ಅದೇ ಎರಡು ಸಾಲು. ಕಿರಿಯವಳದೂ ಅದೇ ರಾಗ.

“ಗುಬ್ಬಿ, ಈ ಮೂವರಿಗೂ ತಾಯಿ ಒಬ್ಬಳೇನಾ?”

ಅವಳು ತಲೆಯೆತ್ತಿದಳು. “ಹೌದು ಅತ್ತಿಗೆ. ಮೂಲದ ಲಿನಕ್ಸ್ ಒಂದೇ ಫೈಲು. ಮೂರು ವರ್ಷದ ಹಿಂದೆ ರೂಟರ್ ಹಾಕಿದಾಗಲೇ ಇಟ್ಟಿದ್ದು. ಮೂರೂ ಮಷೀನು ಅದನ್ನ ಓದ್ತವೆ ಅಷ್ಟೇ, ಬರೆಯಲ್ಲ. ತಮ್ಮ ತಮ್ಮ ಬದಲಾವಣೆ ಮಾತ್ರ ತಮ್ಮ ಡಿಸ್ಕಲ್ಲಿ ಇಟ್ಕೊಳ್ತವೆ.”

“ಆ ತಾಯಿಯೇ ಇಲ್ಲ ಈಗ.”

ಎಂಜಿನಿಯರ್ ಬಗ್ಗಿ ಪರದೆ ನೋಡಿದ. ನೋಡಿ ಕತ್ತು ನೆಟ್ಟಗೆ ಮಾಡಿದ.

“ಹಾಗಾದ್ರೆ ನಾನು ಹೇಳಿದ್ದು ಇನ್ನೂ ಗಟ್ಟಿಯಾಯ್ತು ಮೇಡಂ. ಅವರೇ ಬರೆದಿಟ್ಟ ಪಟ್ಟಿ ನೋಡಿ. ಹತ್ತೂ ಐದಕ್ಕೆ ಡಿಸ್ಕ್ ನೂರಕ್ಕೆ ತೊಂಬತ್ತಾರು ತುಂಬಿತ್ತು. ಹತ್ತೂ ಹತ್ತಕ್ಕೆ ರೀಸ್ಟಾರ್ಟ್. ಆಮೇಲೆ ನಾನು ನೋಡಿದಾಗ ಐವತ್ತೆಂಟು. ಅಷ್ಟು ದೊಡ್ಡ ಫೈಲು ಹೋಗಿದ್ದು ಆ ಐದು ನಿಮಿಷದಲ್ಲಿ. ಆ ಐದು ನಿಮಿಷ ರೂಟರ್ ಮುಂದೆ ಇದ್ದಿದ್ದು ಒಬ್ಬರೇ.”

“ಯಾರು ಏನು ಅಳಿಸಿದ್ರು ಅಂತ ಲಾಗಲ್ಲಿ ಇರಬೇಕಲ್ಲ?”

“ಹಳೇ ಲಾಗ್ ಇಲ್ಲ. ಅದು ಮೆಮೊರಿಯಲ್ಲಿರುತ್ತೆ, ರೀಸ್ಟಾರ್ಟ್ ಆದ್ರೆ ಹೋಗಿಬಿಡುತ್ತೆ. ಬ್ಯಾಕಪ್ಪಿಂದ ಮೂರನ್ನೂ ವಾಪಸ್ ಹಾಕಿದೆ, ಅದೂ ಏಳಲಿಲ್ಲ. ಬ್ಯಾಕಪ್ಪನ್ನೂ ಕೆಡಿಸಿದ್ದಾರೆ ಅಂತಲೇ ಅರ್ಥ.”

“ಬ್ಯಾಕಪ್ಪಿನಲ್ಲಿ ಮಕ್ಕಳು ಮಾತ್ರ ಇದ್ದಾರೆ. ತಾಯಿಯನ್ನ ಬ್ಯಾಕಪ್ ತಗೋಬೇಕು ಅಂತ ಯಾರಿಗೂ ಹೊಳೆದಿಲ್ಲ. ಕೆಡಿಸೋಕೆ ಅಲ್ಲಿ ಏನಿದೆ?”

ಅವನು ಸ್ವಲ್ಪ ಸಪ್ಪಗಾದ. ಕೆಟ್ಟವನಲ್ಲ, ಓದಿದ್ದಾನೆ, ಕೇಬಲ್ ಹಾಕಲು ಮಾತ್ರ ಬೇಜಾರು. “ಏನೇ ಆಗಲಿ, ಇದನ್ನ ಹೀಗೇ ಎಳೆದಾಡೋದು ಬೇಡ. ಮ್ಯಾನೇಜರ್ ಸಾರ್ ಹೇಳಿದ ಹಾಗೆ ಇಡೀ ಡಿಸ್ಕ್ ಅಳಿಸಿ ಹೊಸದಾಗಿ ಹಾಕಿಬಿಡೋಣ. ಸಂಜೆಗೆಲ್ಲ ಮುಗಿಯುತ್ತೆ.”

“ಮೂರು ಗಂಟೆ ತನಕ ಒಂದು ಅಕ್ಷರ ಅಳಿಸಿದ್ರೂ ನಿಮ್ಮ ಕೈ ಮೇಲೆ ನಾನೇ ಹೊಡೀತೀನಿ,” ಎಂದೆ. ಗುಬ್ಬಿ ನಿನ್ನೆಯಿಂದ ಮೊದಲ ಬಾರಿಗೆ ನಕ್ಕಳು.

ಆದರೆ ಅವನ ಐದು ನಿಮಿಷದ ಲೆಕ್ಕ ಮುಳ್ಳಿನಂತೆ ಚುಚ್ಚುತ್ತಿತ್ತು. ಗುಬ್ಬಿ ಅಳಿಸಿಲ್ಲ ಎಂಬುದು ನನಗೆ ಗೊತ್ತು. ಹೊತ್ತು ಹೊತ್ತಿಗೆ ಸಂಖ್ಯೆ ಬರೆದಿಡುವ ಹುಡುಗಿ ಕೆಡಿಸಲು ಹೊರಟರೆ ಮೊದಲು ಸಂಖ್ಯೆ ಬರೆಯುವುದನ್ನು ನಿಲ್ಲಿಸುತ್ತಾಳೆ. ಇದನ್ನು ನಾನು ನಂಬಬಹುದು. ಮೂರು ಗಂಟೆಯ ಕಾಗದ ನಂಬುವುದಿಲ್ಲ.

ಇನ್ನೊಂದೂ ಅನ್ನಿಸಿತು. ತಾಯಿ ಹೋದ ಮೇಲೂ ಡಿಸ್ಕ್ ಐವತ್ತೆಂಟು ತುಂಬಿದೆ. ಮೂರು ಸಣ್ಣ ಮಕ್ಕಳಿಗೆ ಅಷ್ಟೊಂದು ಜಾಗ ಯಾಕೆ? ಆಮೇಲೆ ನೋಡೋಣವೆಂದು ಬಿಟ್ಟೆ. ಕೊರಳಿಗೆ ಬಂದದ್ದನ್ನು ಮೊದಲು ಬಿಡಿಸಬೇಕಿತ್ತು.

ಅಷ್ಟರಲ್ಲಿ ಟೀ ಬಂತು.

ತಂದವರು ಸ್ಟೋರ್‌ಕೀಪರ್. ಐವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ, ಕಿವಿಯ ಮೇಲೆ ಪೆನ್ನು, ಕಂಕುಳಲ್ಲಿ ಉದ್ದನೆಯ ರಿಜಿಸ್ಟರು. ಗೋದಾಮಿನವರೆಲ್ಲ ಅವರನ್ನು ತಾರೀಕಣ್ಣ ಅನ್ನುತ್ತಿದ್ದರು. ಏಕೆಂದು ಅರ್ಧ ನಿಮಿಷದಲ್ಲೇ ತಿಳಿಯಿತು. ನಮಗೆ ತಂದ ಬಿಸ್ಕತ್ ಪೊಟ್ಟಣವನ್ನು ತಿರುಗಿಸಿ ತಾರೀಕು ನೋಡಿದರು, ನಿನ್ನೆಗೇ ಮುಗಿದಿದೆ ಎಂದು ಮುಖ ಸಿಂಡರಿಸಿದರು, ಒಂದು ಬಿಸ್ಕತ್ತು ತೆಗೆದು ಜೇಬಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು, ಉಳಿದದ್ದನ್ನು ಕಸದ ಬುಟ್ಟಿಗೆ ಎಸೆದರು, ರಿಜಿಸ್ಟರ್ ಬಿಚ್ಚಿ ಬರೆದರು.

“ಸಾರಿ ಮೇಡಂ, ಬರೀ ಟೀ ಕುಡೀರಿ,” ಎಂದರು. ಆಮೇಲೆ ಗುಬ್ಬಿಯ ಕಡೆ ತಿರುಗಿ, “ತಂಗಿ, ಎರಡನೇ ಕೋಣೆಗೆ ಬೇರೆ ಥರ್ಮಾಮೀಟರ್ ಬೇಕು. ಇದು ಕೆಟ್ಟಿದೆ. ನಿನ್ನೆಯಿಂದ ಬರೀ ಒಂಬತ್ತು, ಹತ್ತು ತೋರಿಸ್ತಿದೆ. ಎಂಟು ದಾಟೋ ಹಾಗೇ ಇಲ್ವಲ್ಲ ಅಲ್ಲಿ,” ಎಂದರು.

ನನ್ನ ಕಣ್ಣು ಕಸದ ಬುಟ್ಟಿಯ ಮೇಲೆ ನೆಟ್ಟಿತ್ತು. ಇಡೀ ಪೊಟ್ಟಣ ಚೆನ್ನಾಗಿಯೇ ಇತ್ತು. ಹಳೆಯದು ಎಂಬುದೊಂದೇ ಅದರ ತಪ್ಪು.

“ಗುಬ್ಬಿ, ನೀನು ರಜೆಯಲ್ಲಿದ್ದಾಗ ನಿನ್ನ ಲಾಗಿನ್ ಯಾರ ಹತ್ರ ಇತ್ತು?”

“ಪಾಸ್‌ವರ್ಡ್ ಬರೆದು ಲಕೋಟೆಗೆ ಹಾಕಿ, ಅಂಟಿಸಿ ಮ್ಯಾನೇಜರ್ ಸಾರಿಗೆ ಕೊಟ್ಟಿದ್ದೆ. ರಜೆಗೆ ಹೋಗೋರೆಲ್ಲ ಹಾಗೆ ಕೊಟ್ಟು ಹೋಗ್ಬೇಕು ಅಂತ ಇಲ್ಲಿ ರೂಲ್ಸು.”

“ತಾರೀಕಣ್ಣ, ಸ್ವಲ್ಪ ಕೂತ್ಕೊಳ್ಳಿ.”

ಅವರು ಕೂರಲಿಲ್ಲ. ಕೂರುವವರ ಜಾತಿಯಲ್ಲ.

“ಆ ಲಕೋಟೆ ನಿಮ್ಮ ಕೈಗೆ ಬಂದಿತ್ತಾ?”

“ಬಂದಿತ್ತು. ಒಂದು ದಿನ ಮಾತ್ರ. ರೂಟರಿಗೆ ಕೆಂಪು ದೀಪ ಬಂದಿತ್ತು, ಡಿಸ್ಕ್ ತುಂಬಿದೆ ಅಂತ. ತಂಗಿ ಆಸ್ಪತ್ರೆಯಲ್ಲಿ. ಈ ಸಾರ್ ಬೇರೆ ಕಡೆ ಕೆಲಸದಲ್ಲಿದ್ರು. ಮ್ಯಾನೇಜರ್ ಸಾರ್ ಕರೆದು, ‘ಜಾಗ ಖಾಲಿ ಮಾಡೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ, ಹಳೇದೇನಿದೆ ನೋಡಿ ತೆಗೀರಿ’ ಅಂದ್ರು.”

“ತೆಗೆದ್ರಾ?”

“ಕೊಟ್ಟ ಕೆಲಸ ಮಾಡದೆ ಇರ್ತೀನಾ?” ಅವರ ದನಿಯಲ್ಲಿ ಅಭಿಮಾನವಿತ್ತು. “ಫೈಲುಗಳನ್ನ ತಾರೀಕಿನ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಒಂದೇ ಒಂದು ಫೈಲು ಮೂರು ವರ್ಷದ್ದು. ಇಟ್ಟಾಗಿನಿಂದ ಯಾರೂ ಕೈ ಹಾಕಿಲ್ಲ. ನಮ್ಮಲ್ಲಿ ಮೊದಲು ಬಂದಿದ್ದು ಮೊದಲು ಹೋಗ್ಬೇಕು. ಮೂರು ವರ್ಷ ಯಾರೂ ಮುಟ್ಟದ ಸರಕು ಗೋದಾಮಲ್ಲಿ ಯಾಕಿರಬೇಕು ಹೇಳಿ.”

ಗುಬ್ಬಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಅಷ್ಟರಲ್ಲಿ ಮ್ಯಾನೇಜರು ಬಾಗಿಲಲ್ಲಿ ಬಂದು ನಿಂತಿದ್ದರು. ಮೆಲುದನಿಯ ಮನುಷ್ಯ, ಯಾವಾಗಲೂ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿರುತ್ತಾರೆ.

“ಅದು ಹದಿನೆಂಟು ದಿನದ ಹಿಂದಿನ ಮಾತು ಮೇಡಂ,” ಎಂದರು. “ಆಮೇಲೆ ನಿನ್ನೆ ಬೆಳಿಗ್ಗೆ ತನಕ ಮೂರೂ ಮಷೀನು ಚೆನ್ನಾಗೇ ಓಡಿದವಲ್ಲ. ಪಾಪ, ಇವರನ್ನ ಯಾಕೆ ಎಳೀತೀರಿ?”

ತಾರೀಕಣ್ಣನ ಮುಖ ಬಿಳಿಚಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಾರೆ ಎಂದು ನಾನು ಬೆಳಿಗ್ಗೆಯಿಂದ ಕುದಿಯುತ್ತಿದ್ದೆ. ಈಗ ಬರೆಯ ಕಬ್ಬಿಣ ನನ್ನ ಕೈಯಲ್ಲೇ ಇತ್ತು. ಮೆತ್ತಗೆ ಕೇಳಿದೆ.

“ತಾರೀಕಣ್ಣ, ಆ ಫೈಲು ಎಸೆದ ಮೇಲೆ ಜಾಗ ಆಯ್ತಾ?”

“ಇಲ್ಲ ಮೇಡಂ. ಅದೇ ನನಗೂ ಆಶ್ಚರ್ಯ. ಅಷ್ಟು ದೊಡ್ಡದು ತೆಗೆದೆ, ಆದ್ರೂ ತೊಂಬತ್ತಾರಕ್ಕೇ ನಿಂತಿತ್ತು. ದೀಪ ಆರಲಿಲ್ಲ. ಮ್ಯಾನೇಜರ್ ಸಾರಿಗೆ ಹೇಳಿದೆ, ಬಿಡಿ ಅಂದ್ರು. ಬೇಕಾದ್ರೆ ನೋಡಿ.”

ಅವರು ರಿಜಿಸ್ಟರ್ ಬಿಚ್ಚಿ ಮೇಜಿನ ಮೇಲಿಟ್ಟರು. ಹದಿನೆಂಟು ದಿನದ ಹಿಂದಿನ ಪುಟ. ಮುತ್ತು ಪೋಣಿಸಿದಂಥ ಅಕ್ಷರ.

“ಸ್ವೀಕರಿಸಿದ್ದು: ಲಕೋಟೆ ಒಂದು, ತೆರೆದ ಸ್ಥಿತಿಯಲ್ಲಿ. ವಿಲೇವಾರಿ: ಫೈಲು ಒಂದು, ವಯಸ್ಸು ಮೂರು ವರ್ಷ. ಸಮಯ ಬೆಳಿಗ್ಗೆ ಹನ್ನೊಂದೂವರೆ. ವಿಲೇವಾರಿಗೆ ಮುಂಚೆ ತುಂಬಿದ್ದು ತೊಂಬತ್ತಾರು. ನಂತರ ತೊಂಬತ್ತಾರು. ಕಾರಣ ತಿಳಿಯದು.”

ಕಾರಣ ತಿಳಿಯದು. ಆ ಎರಡು ಪದಕ್ಕೆ ನಾನು ಕೈ ಮುಗಿಯಬೇಕಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದಿಡುವವರು ನೂರಕ್ಕೆ ಒಬ್ಬರು.

“ಎಂಜಿನಿಯರ್ ಸಾಹೇಬರೇ, ಮೂರು ಮಷೀನು ತೆರೆದು ಓದ್ತಾ ಇರೋ ಫೈಲನ್ನ ಲಿನಕ್ಸಲ್ಲಿ ಅಳಿಸಿದ್ರೆ ಏನಾಗುತ್ತೆ?” ಎಂದೆ.

ಅವನ ಕುತ್ತಿಗೆ ಕೆಂಪಾಯಿತು. “ಹೆಸರು ಹೋಗುತ್ತೆ. ಫೈಲು ಹೋಗಲ್ಲ,” ಎಂದ.

“ಎಲ್ಲರಿಗೂ ಅರ್ಥ ಆಗೋ ಹಾಗೆ ಹೇಳಿ.”

“ಲೈಬ್ರರಿಯ ಪಟ್ಟಿಯಿಂದ ಒಂದು ಪುಸ್ತಕದ ಹೆಸರು ಹೊಡೆದು ಹಾಕ್ದಂಗೆ. ಓದ್ತಾ ಕೂತಿರೋರ ಕೈಯಲ್ಲಿ ಪುಸ್ತಕ ಇದ್ದೇ ಇರುತ್ತೆ. ಅವರು ಓದ್ತಾನೇ ಇರ್ತಾರೆ. ಕೆಳಗಿಟ್ಟ ಮೇಲೆ ಮತ್ತೆ ಸಿಗಲ್ಲ. ಜಾಗ ಖಾಲಿಯಾಗೋದೂ ಆವಾಗಲೇ.” ಅವನು ಗುಬ್ಬಿಯ ಕಡೆ ನೋಡಿದ. “ನಿನ್ನೆ ರೀಸ್ಟಾರ್ಟ್ ಮಾಡಿದಾಗ ಮೂವರೂ ಒಟ್ಟಿಗೆ ಕೆಳಗಿಟ್ರು. ಅದಕ್ಕೇ ತೊಂಬತ್ತಾರು ಇದ್ದದ್ದು ಐವತ್ತೆಂಟಾಯ್ತು. ನೀವು ಏನೂ ಅಳಿಸಿಲ್ಲ. ನನ್ನದು ತಪ್ಪಾಯ್ತು.”

ತಪ್ಪಾಯ್ತು ಎಂದು ನೇರವಾಗಿ ಹೇಳಿದ್ದಕ್ಕೆ ಅವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಕೇಬಲ್ಲಿನದು, ಅದು ಇರಲಿ.

ಗುಬ್ಬಿ ತೊಡೆಯ ಕೆಳಗಿನಿಂದ ಕೈ ತೆಗೆದು ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ತಾರೀಕಣ್ಣ ರಿಜಿಸ್ಟರಿನ ಆ ಸಾಲಿನ ಮೇಲೆ ಬೆರಳಿಟ್ಟರು.

“ಹಾಗಾದ್ರೆ ನಾನು,” ಎಂದರು. “ನಾನು ಮಾಡಿದ್ದಕ್ಕೆ ಈ ಮಗು ನಿನ್ನೆಯಿಂದ ಅನ್ನಿಸ್ಕೊಳ್ತಾ ಇದೆ.”

“ನೀವು ನಿಮ್ಮ ಕೆಲಸ ಮಾಡಿದ್ರಿ ತಾರೀಕಣ್ಣ,” ಎಂದಳು ಗುಬ್ಬಿ, ಮೂಗು ಒರೆಸಿಕೊಳ್ಳುತ್ತ. “ಔಷಧಿ ಹಳೇದಾದ್ರೆ ಕೆಡುತ್ತೆ. ಫೈಲು ಕೆಡಲ್ಲ ಅಂತ ನಿಮಗೆ ಯಾರೂ ಹೇಳಿಲ್ಲ.”

“ಅಪರಾಧ ಯಾರದು ಅಂತ ಆಮೇಲೆ ಹಂಚ್ಕೊಳ್ಳೋಣ,” ಎಂದೆ. “ತಾಯಿ ಬೇಕು ಈಗ. ಬೇರೆ ಲಿನಕ್ಸ್ ತಂದು ಅಲ್ಲಿಟ್ರೆ ಮಕ್ಕಳು ಒಪ್ಪಲ್ಲ. ಅದೇ ಫೈಲು, ಅಕ್ಷರ ಅಕ್ಷರ ಅದೇ ಇರಬೇಕು. ಅದು ಸಿಗಲಿಲ್ಲ ಅಂದ್ರೆ ದೊಡ್ಡಕ್ಕ ಮೂರು ವರ್ಷದಿಂದ ಬರೆದಿಟ್ಟಿರೋ ತಾಪಮಾನ ಎಲ್ಲ ನೀರಲ್ಲಿ ಹೋಮ.”

ಮ್ಯಾನೇಜರು ಗಡಿಯಾರ ನೋಡಿದರು. “ಒಂದೂ ನಲವತ್ತು. ಸಿಗಲ್ಲ ಬಿಡಿ ಮೇಡಂ. ಅಳಿಸಿ ಹೊಸದಾಗಿ ಶುರು ಮಾಡೋದೇ ವಾಸಿ.”

ನನ್ನ ಕಣ್ಣು ಮತ್ತೆ ತಾರೀಕಣ್ಣನ ಜೇಬಿಗೆ ಹೋಯಿತು. ಅಲ್ಲಿ ಆ ಒಂದು ಬಿಸ್ಕತ್ತು ಚೀಲದೊಳಗೆ ಬೆಚ್ಚಗೆ ಕೂತಿತ್ತು.

“ತಾರೀಕಣ್ಣ, ಆ ಬಿಸ್ಕತ್ತು ಯಾಕೆ ಇಟ್ಕೊಂಡ್ರಿ?”

“ನಮೂನೆ ಮೇಡಂ. ಏನೇ ಎಸೆದ್ರೂ ಒಂದು ನಮೂನೆ ಒಂದು ವರ್ಷ ಇಡಬೇಕು. ನಾಳೆ ಯಾರಾದ್ರೂ ಕೇಳಿದ್ರೆ ತೋರಿಸ್ಬೇಕಲ್ಲ.” ಅಷ್ಟು ಹೇಳಿ ತಟ್ಟನೆ ಬಾಗಿಲ ಕಡೆ ತಿರುಗಿದರು. ಕಣ್ಣು ದೊಡ್ಡದಾಯಿತು. ಕಿವಿಯ ಮೇಲಿನ ಪೆನ್ನು ಕೆಳಗೆ ಬಿತ್ತು.

ಐವತ್ತೈದರ ಮನುಷ್ಯ ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ.

ವಾಪಸು ಬಂದಾಗ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ಪೆನ್‌ಡ್ರೈವ್. ಮೇಲೆ ಲೇಬಲ್: ‘ನಮೂನೆ. ಫೈಲು ಒಂದು. ಒಂದು ವರ್ಷ ಇಡತಕ್ಕದ್ದು.’ ಚೀಲ ಹಿಮದಷ್ಟು ತಣ್ಣಗಿತ್ತು.

“ಇದನ್ನ ಎಲ್ಲಿಟ್ಟಿದ್ರಿ?”

“ಒಂದನೇ ಶೀತಲ ಕೋಣೆಯಲ್ಲಿ,” ಎಂದರು ಏದುಸಿರು ಬಿಡುತ್ತ. “ಎಷ್ಟು ತಾಪಮಾನದಲ್ಲಿ ಇಡ್ಬೇಕು ಅಂತ ಫೈಲಿನ ಮೇಲೆ ಬರೆದಿರಲಿಲ್ಲ. ಅನುಮಾನ ಇದ್ರೆ ತಣ್ಣಗಿಡೋದು ನಮ್ಮ ಪದ್ಧತಿ.”

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಗುಬ್ಬಿಗೆ ನಗು ತಡೆಯಲಾಗದೆ ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡಳು. ಎಂಜಿನಿಯರ್ ಗೋಡೆಗೆ ಒರಗಿದ. ಹದಿನೆಂಟು ದಿನ ತಾಯಿ ಔಷಧಿಗಳ ಪಕ್ಕದಲ್ಲಿ, ಐದು ಡಿಗ್ರಿಯಲ್ಲಿ ತಣ್ಣಗೆ ಮಲಗಿದ್ದಳು.

ನಗು ನಿಂತದ್ದು ನಾನು ಚೀಲ ಬಿಚ್ಚಿದಾಗ. ಪೆನ್‌ಡ್ರೈವ್ ಹೊರಗಿನ ಗಾಳಿ ತಾಗುತ್ತಲೇ ಬೆವರಿತು. ಲೋಹದ ಬಾಯಿಯ ಮೇಲೆ ಸಣ್ಣ ಸಣ್ಣ ನೀರ ಹನಿ. ಈ ಸ್ಥಿತಿಯಲ್ಲಿ ಚುಚ್ಚಿದರೆ ಸುಟ್ಟು ಹೋಗಬಹುದು. ಪ್ರಪಂಚದಲ್ಲಿ ಇದ್ದದ್ದು ಅದೊಂದೇ ಪ್ರತಿ.

“ಕಾಯಬೇಕು,” ಎಂದೆ.

“ಎಷ್ಟು ಹೊತ್ತು?” ಎಂದರು ಮ್ಯಾನೇಜರು.

“ಅದು ಒಣಗೋ ತನಕ.”

ನಲವತ್ತು ನಿಮಿಷ. ಕರವಸ್ತ್ರದ ಮೇಲೆ ಅದನ್ನಿಟ್ಟು ನಾಲ್ವರು ಸುತ್ತ ಕೂತೆವು, ತಾರೀಕಣ್ಣನೂ ಕೂತರು. ಮ್ಯಾನೇಜರು ಮಾತ್ರ ಒಳಗೆ ಹೊರಗೆ ಓಡಾಡುತ್ತಿದ್ದರು. ಪೆನ್ನಿನ ಮುಚ್ಚಳದ ಟಿಕ್ ಟಿಕ್ ಸದ್ದು ನನ್ನ ತಲೆ ತಿನ್ನುತ್ತಿತ್ತು. ಗುಬ್ಬಿ ನನ್ನ ಕಿರುಬೆರಳು ಹಿಡಿದುಕೊಂಡಿದ್ದಳು. ನಾನು ಮದುವೆಯಾಗಿ ಬಂದಾಗ ಇವಳಿಗೆ ಎಂಟು ವರ್ಷ; ಗುಡುಗಿದರೆ ಹೀಗೇ ಬಂದು ಹಿಡಿದುಕೊಳ್ಳುತ್ತಿದ್ದಳು.

ಎರಡೂ ಇಪ್ಪತ್ತೈದಕ್ಕೆ ಚುಚ್ಚಿದೆ. ಫೈಲು ಕಂಡಿತು. ರೂಟರಿಗೆ ನಕಲಾಗಲು ಇನ್ನೂ ಹದಿನೈದು ನಿಮಿಷ. ಪರದೆಯ ಮೇಲೆ ಶೇಕಡಾ ಒಂದೊಂದಾಗಿ ಏರುವುದನ್ನು ನಾಲ್ವರೂ ನೋಡುತ್ತ ಕೂತೆವು. ಡಿಸ್ಕ್ ಮತ್ತೆ ತೊಂಬತ್ತಾರಕ್ಕೆ ಬಂದು ನಿಂತಿತು.

“ನೀನೇ ಎಬ್ಬಿಸು,” ಎಂದು ಕೀಲಿಮಣೆಯನ್ನು ಗುಬ್ಬಿಯ ಕಡೆ ತಳ್ಳಿದೆ.

ಅವಳು ಮ್ಯಾನೇಜರ ಮುಖ ನೋಡಿದಳು. ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಎಬ್ಬಿಸುವ ಆಜ್ಞೆ ಕೊಟ್ಟಳು.

ಪರದೆಯ ಮೇಲೆ ಅಕ್ಷರಗಳು ಮಳೆಯಂತೆ ಸುರಿದವು. ನಿಂತವು. ಮತ್ತೆ ಸುರಿದವು.

ಮೊದಲು ಕೇಳಿಸಿದ್ದು ಬಾಗಿಲು. ಟಕ್ ಎಂದು ಬೀಗ ಬಿದ್ದು, ಟಕ್ ಎಂದು ತೆರೆಯಿತು. ಕಿರಿಯವಳು ಎದ್ದಿದ್ದಳು. ಆಚೆ ಕೋಣೆಯಲ್ಲಿ ಪ್ರಿಂಟರ್ ಗೊರಗೊರ ಎಂದು ನಿನ್ನೆಯಿಂದ ಬಾಕಿ ಉಳಿದ ಲೇಬಲ್ಲುಗಳನ್ನು ಉಗುಳತೊಡಗಿತು. ಕೊನೆಗೆ ಗೋಡೆಯ ದೊಡ್ಡ ಪರದೆಯಲ್ಲಿ ಹಸಿರು ಅಂಕಿ: ಒಂದನೇ ಕೋಣೆ ಐದು ಡಿಗ್ರಿ, ಎರಡನೇ ಕೋಣೆ ನಾಲ್ಕೂವರೆ. ದೊಡ್ಡಕ್ಕ ಕಣ್ಣು ಬಿಟ್ಟಿದ್ದಳು. ಗೋದಾಮಿನ ಆ ಕೊನೆಯಿಂದ ಈ ಕೊನೆಯವರೆಗೆ ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ನನಗೆ ಹೋದ ಜೀವ ಬಂದಂತಾಯಿತು. ಗುಬ್ಬಿ ನನ್ನ ಭುಜದ ಮೇಲೆ ಹಣೆಯಿಟ್ಟು ಅತ್ತಳು, ಈ ಸಲ ಮುಖ ಮುಚ್ಚಿಕೊಳ್ಳದೆ. ತಾರೀಕಣ್ಣ ಗೋಡೆಗೆ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು. ಎಂಜಿನಿಯರ್ ಎಲ್ಲರಿಗೂ ತಾನೇ ಹೊಸ ಟೀ ತಂದ. ಜತೆಗೆ ತಾರೀಕು ನೋಡಿ ಕೊಂಡ ಬಿಸ್ಕತ್ತು.

ಮ್ಯಾನೇಜರು ಜೇಬಿನಿಂದ ಆ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. “ಮನಸ್ಸಿಗೆ ಹಚ್ಕೋಬೇಡಮ್ಮ. ಎರಡು ದಿನ ರೆಸ್ಟ್ ತಗೋ. ರೂಟರ್ ಕಡೆ ನೋಡೋದೇ ಬೇಡ,” ಎಂದು ಮೆಲ್ಲಗೆ ಹೇಳಿ ಫೋನ್ ಮಾಡಲು ಆಚೆ ಹೋದರು.

ಮನಸ್ಸು ಹಗುರವಾದಾಗ ಬಿಟ್ಟುಬಂದ ಸಣ್ಣ ಕೆಲಸಗಳು ನೆನಪಾಗುತ್ತವೆ. ನನಗೆ ಆ ಐವತ್ತೆಂಟು ನೆನಪಾಯಿತು. ಟೀ ಹೀರುತ್ತ, ಎದ್ದಿರುವ ಯಂತ್ರಗಳ ಪಟ್ಟಿ ಕೇಳಿದೆ. ಎದ್ದವರ ಹೆಸರು ಮಾತ್ರ ಬರುವ ಪಟ್ಟಿ ಅದು, ನಿನ್ನೆಯಿಂದ ಖಾಲಿಯಿತ್ತು.

ನಾಲ್ಕು ಸಾಲು ಬಂತು.

ಬೆರಳಿಟ್ಟು ಎಣಿಸಿದೆ. ದೊಡ್ಡಕ್ಕ, ನಡುವಿನವಳು, ಕಿರಿಯವಳು. ಆಮೇಲೆ ಹೆಸರಿಲ್ಲದ ಒಬ್ಬಳು. ಅದೇ ತಾಯಿಯ ಮಗಳು. ಮೂವರು ಸೇರಿ ತಿನ್ನುವುದಕ್ಕಿಂತ ಮೂರು ಪಟ್ಟು ಜಾಗ ಒಬ್ಬಳೇ ತಿಂದಿದ್ದಳು.

“ಗುಬ್ಬಿ, ಇದು ಯಾರು?”

“ಗೊತ್ತಿಲ್ಲ ಅತ್ತಿಗೆ. ರಜೆಗೆ ಹೋಗೋಕೆ ಮುಂಚೆ ಇರಲಿಲ್ಲ. ಬಂದ ಮೇಲೆ ಪಟ್ಟಿ ನೋಡಿರಲಿಲ್ಲ, ಮೂರೂ ಪರದೆ ಹಸಿರಾಗಿತ್ತಲ್ಲ.”

ಆ ನಾಲ್ಕನೆಯವಳ ಕನ್ಸೋಲ್ ತೆರೆದೆ. ಎರಡೇ ಅಂಕಣ, ನಿಮಿಷಕ್ಕೊಂದು ಸಾಲು. ಎರಡನೇ ಕೋಣೆಯಿಂದ ಬಂದದ್ದು: ಒಂಬತ್ತೂ ಮುಕ್ಕಾಲು ಡಿಗ್ರಿ. ದೊಡ್ಡಕ್ಕನಿಗೆ ಕಳಿಸಿದ್ದು: ನಾಲ್ಕೂವರೆ. ಮುಂದಿನ ನಿಮಿಷ, ಹತ್ತು. ಕಳಿಸಿದ್ದು ನಾಲ್ಕೂವರೆ.

ತಾರೀಕಣ್ಣನ ಥರ್ಮಾಮೀಟರ್ ಕೆಟ್ಟಿರಲಿಲ್ಲ. ಕೆಡುತ್ತಿದ್ದದ್ದು ಎರಡನೇ ಕೋಣೆಯ ಔಷಧಿ, ಮತ್ತು ಅದನ್ನು ಯಾರೋ ಇಪ್ಪತ್ತೊಂದು ದಿನದಿಂದ ಮುಚ್ಚಿಡುತ್ತಿದ್ದರು.

ಇಪ್ಪತ್ತೊಂದು ದಿನ ಎಂದು ಗೊತ್ತಾದದ್ದು ಕೆಳಗಿನ ಸಾಲಿನಿಂದ. ಯಂತ್ರ ಹುಟ್ಟಿದ ತಾರೀಕು, ಹೊತ್ತು ಬೆಳಿಗ್ಗೆ ಹನ್ನೊಂದೂ ಇಪ್ಪತ್ತು, ಹುಟ್ಟಿಸಿದವರ ಲಾಗಿನ್. ಗುಬ್ಬಿಯ ಲಾಗಿನ್.

ಗುಬ್ಬಿ ಟೀ ಲೋಟ ಕೆಳಗಿಟ್ಟಳು. “ಅತ್ತಿಗೆ,” ಎಂದಳು, ಅಷ್ಟೇ.

“ಸುಮ್ನಿರು. ನನಗೆ ಗೊತ್ತು,” ಎಂದೆ.

ಗೊತ್ತಿಲ್ಲದೆ ಏನು? ಆ ದಿನ, ಆ ಹೊತ್ತಿಗೆ, ಅವಳು ಆಪರೇಷನ್ ಕೋಣೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಹೊರಗಿನ ಬೆಂಚಿನ ಮೇಲೆ ಅವಳ ಕನ್ನಡಕ ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತ ಕೂತವಳು ನಾನೇ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಹರಿದ ಆ ಕಾಗದದ ಜಾಗಕ್ಕೆ ಇನ್ನು ಬರುವುದು ಬರೀ ಕೆಲಸ ಕಳೆಯುವ ಕಾಗದವಲ್ಲ, ಪೊಲೀಸರು ತರುವ ಕಾಗದ. ಅದರ ಮೇಲೂ ಇವಳದೇ ಹೆಸರು.

ರಿಜಿಸ್ಟರ್ ಇನ್ನೂ ಮೇಜಿನ ಮೇಲೆ ತೆರೆದೇ ಇತ್ತು. ‘ಲಕೋಟೆ ಒಂದು, ತೆರೆದ ಸ್ಥಿತಿಯಲ್ಲಿ.’ ಸರಕು ಬಂದಾಗ ಪೊಟ್ಟಣ ಹೇಗಿತ್ತು ಎಂದು ಬರೆಯುವುದು ತಾರೀಕಣ್ಣನ ಪದ್ಧತಿ. ಮೊದಲ ಸಲ ಓದಿದಾಗ ನಾನು ದಾಟಿಕೊಂಡು ಹೋಗಿದ್ದೆ.

“ತಾರೀಕಣ್ಣ, ನಿಮ್ಮ ಹತ್ರ ಇನ್ನೊಂದು ನಮೂನೆ ಚೀಲ ಇದೆಯಾ?” ಎಂದೆ ಮೆಲ್ಲಗೆ.

ಅವರು ಪರದೆ ನೋಡಿದರು, ನನ್ನ ಮುಖ ನೋಡಿದರು, ಚೀಲ ಕೊಟ್ಟರು. ನನ್ನ ಬಳಿಯಿದ್ದ ಬೇರೆ ಪೆನ್‌ಡ್ರೈವ್ ಚುಚ್ಚಿ ನಾಲ್ಕನೆಯವಳನ್ನು ನಕಲಿಸಲು ಹಚ್ಚಿ, ಪರದೆ ಆರಿಸಿದೆ.

ಬಾಗಿಲಲ್ಲಿ ಟಿಕ್ ಟಿಕ್ ಕೇಳಿಸಿತು.

“ಎಲ್ಲ ಎದ್ದವಾ ಮೇಡಂ?” ಎಂದರು ಮ್ಯಾನೇಜರು, ನಗುತ್ತ.

“ಎಲ್ಲ ಎದ್ದವು ಸಾರ್.”

ಪೆನ್ನಿನ ಮುಚ್ಚಳದ ಸದ್ದು ನಿಂತಿತು.

“ಎಲ್ಲ ಅಂದ್ರೆ,” ಎಂದರು, “ಎಷ್ಟು?”

ಆ ಕಟ್ಟಡದಲ್ಲಿ ಗೇಟು ಕಾಯುವವನಿಗೂ ಗೊತ್ತಿತ್ತು, ಅಕ್ಕತಂಗಿಯರು ಮೂವರೆಂದು. ಕುಂಬಳಕಾಯಿ ಕಳ್ಳ ಎಂದು ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.